ಕೆಂಪು ಬೀಜದ ಮರ ಯಾವುದು?

ಉದ್ಯಾನದ ಅಂಚಿನಲ್ಲಿಯೋ ಶಾಲೆಯ ಅಂಗಳದಲ್ಲಿಯೋ ಬೆಳೆದಿರುವ ಕೆಲವು ಮರಗಳ ಕೆಳಗೆ, ನೆಲದ ಮೇಲೆ ಕುಂಕುಮವನ್ನು ಸಿಡಿಸಿದಂತೆ ಕೆಂಪು ಬೀಜಗಳು ಚೆಲ್ಲಿರುವುದನ್ನು ನೀವು ನೋಡಿರಬಹುದು. ಮಕ್ಕಳು ಅವನ್ನು ಆಯ್ದು ಡಬ್ಬಿಗಳಲ್ಲಿ ತುಂಬಿಡುತ್ತಾರೆ. ಇದೇನೆಂದು ಕೇಳಿದರೆ ‘ಗುಲಗಂಜಿ’ ಎಂಬ ಉತ್ತರ ಬರುವುದುಂಟು. ಗುಲಗಂಜಿ ಮರವಲ್ಲ, ತೆಳುವಾದ ಬಳ್ಳಿ ಎಂಬುದನ್ನು ಬಲ್ಲವರು ಈ ಉತ್ತರವನ್ನು ಕೇಳಿ ನಗಬಹುದು. ಆದರೆ ಇದು ನಕ್ಕು ಬಿಟ್ಟುಬಿಡತಕ್ಕ ವಿಷಯವಲ್ಲ. ಗುಲಗಂಜಿಯ ಬೀಜದೊಳಗೆ ಪ್ರಾಣವನ್ನೇ ತೆಗೆಯಬಲ್ಲ ವಿಷವಿದೆ. ಹೆಸರು ಅದಲುಬದಲಾದರೆ ನಿರಪರಾಧಿಯಾದ ಮರಕ್ಕೆ ಹೆದರಿ ಅದನ್ನು ಕಡಿಸುವವರೂ ಇರುತ್ತಾರೆ. ವಿಷದ ಬೀಜವನ್ನು ‘ಆ ಮರದ ಬೀಜವಲ್ಲವೇ’ ಎಂದು ಮಗುವಿನ ಕೈಗೆ ಕೊಡುವವರೂ ಇರುತ್ತಾರೆ.

ಹಾಗಾದರೆ ಆ ಮರ ಯಾವುದು? ಬೀದಿಯಲ್ಲಿ ಯಾರಿಗೂ ಅದರ ಹೆಸರು ಗೊತ್ತಿಲ್ಲವೆಂದು ಭಾವಿಸೋಣ. ಮರದಲ್ಲಿ ಹೂವೂ ಇಲ್ಲ. ವರ್ಷದ ಬಹುಪಾಲು ತಿಂಗಳುಗಳಲ್ಲಿ ಮರಗಳಲ್ಲಿ ಹೂವಿರುವುದಿಲ್ಲವಾದ್ದರಿಂದ ಇದೇನೂ ಅಸಾಧಾರಣ ಸ್ಥಿತಿಯಲ್ಲ. ಕೈಗೆ ಸಿಕ್ಕಿರುವುದು ಒಂದು ಎಲೆ, ಒಂದು ಒಣಗಿದ ಕಾಯಿ, ನಾಲ್ಕು ಬೀಜಗಳು. ಇಷ್ಟರಿಂದಲೇ ಮರವನ್ನು ಗುರುತಿಸಲು ಸಾಧ್ಯವಿದೆ. ಆದರೆ ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬೇಕು.

ಹಳ್ಳಿಯ ಹಿರಿಯರನ್ನು ಕೇಳಿದರೆ ಆಗದೆ, ಎಂದು ನೀವು ಅನ್ನಬಹುದು. ಬೇವು, ಹೊಂಗೆ, ಹುಣಸೆ, ಅತ್ತಿ, ಆಲಗಳ ವಿಷಯದಲ್ಲಿ ಅದಕ್ಕಿಂತ ಉತ್ತಮವಾದ ದಾರಿ ಇಲ್ಲ. ಆದರೆ ನಮ್ಮ ಪಟ್ಟಣಗಳ ಬೀದಿಗಳಲ್ಲಿ ನೆರಳು ಕೊಡುವ ಮರಗಳಲ್ಲಿ ಎಷ್ಟೋ ಮರಗಳು ಹೊರನಾಡಿನವು. ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದಿಂದ ಬಂದುದು. ಮಳೆಮರ ಅಮೆರಿಕದ ಉಷ್ಣಪ್ರದೇಶದಿಂದ. ಜಕರಾಂಡ ದಕ್ಷಿಣ ಅಮೆರಿಕದಿಂದ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜರ್ಮನಿಯ ಕ್ರುಂಬಿಗೆಲ್ ಅವರು, ಒಂದರ ಹೂವು ಮುಗಿಯುವಾಗ ಇನ್ನೊಂದು ಅರಳುವಂತೆ ಆಯ್ದು ಬೀದಿಮರಗಳನ್ನು ನೆಡಿಸಿದರು. ಇಂಥ ಮರಗಳಿಗೆ ನಮ್ಮ ಅಜ್ಜಂದಿರು ಇಟ್ಟ ಹೆಸರುಗಳು ಇಲ್ಲ. ಆದಕಾರಣ ಮರವನ್ನೇ ಕೇಳಬೇಕಾಗುತ್ತದೆ.

ಮೊದಲನೆಯ ಪ್ರಶ್ನೆ ತೀರ ಸರಳವಾದುದು: ಇಲ್ಲಿ ‘ಒಂದು ಎಲೆ’ ಎಂಬುದು ಯಾವುದು? ಪ್ರಶ್ನೆ ಸರಳವಾದರೂ ಹೊಸಬರು ಎಡವುವುದು ಇಲ್ಲಿಯೇ. ಒಗ್ಗರಣೆಗೆ ನಾವು ಕರಿಬೇವಿನ ಕಡ್ಡಿಯಿಂದ ಬಿಡಿಸಿ ಹಾಕುವುದು ಎಲೆಯಲ್ಲ, ಎಲೆಯ ಒಂದು ಭಾಗ. ಇಡೀ ಕಡ್ಡಿಯೇ ಒಂದು ಎಲೆ. ಇಂಥ ಎಲೆಯನ್ನು ಸಂಯುಕ್ತ ಪತ್ರವೆಂದೂ ಅದರ ಭಾಗಗಳನ್ನು ಕಿರುಎಲೆಗಳೆಂದೂ ಕರೆಯುತ್ತಾರೆ. ಇನ್ನು ನೆಲ್ಲಿಯ ಗರಿಯನ್ನು ನೋಡಿರಿ. ನೋಟಕ್ಕೆ ಅದೂ ಸಂಯುಕ್ತ ಪತ್ರದಂತೆಯೇ ಇದೆ. ಆದರೆ ಅದು ಎಲೆಯಲ್ಲ, ಸಣ್ಣ ರೆಂಬೆ. ಅದರ ಮೇಲಿನ ಪುಟ್ಟ ಎಲೆಗಳು ಒಂದೊಂದೂ ಪೂರ್ಣ ಎಲೆಯೇ. ಇದನ್ನು ಹೇಗೆ ತಿಳಿಯುವುದು? ಎಲೆಯ ತೊಟ್ಟು ಕಾಂಡವನ್ನು ಸೇರುವ ಮೂಲೆಯನ್ನು, ಅಂದರೆ ಎಲೆಯ ಕಂಕುಳನ್ನು, ನೋಡಬೇಕು. ಎಲೆಯ ಕಂಕುಳಲ್ಲಿ ಮೊಗ್ಗು ಇರುತ್ತದೆ. ಕಿರುಎಲೆಯ ಕಂಕುಳಲ್ಲಿ ಎಂದಿಗೂ ಇರುವುದಿಲ್ಲ. ನೆಲ್ಲಿಯ ಪುಟ್ಟ ಎಲೆಗಳ ಕಂಕುಳುಗಳಲ್ಲಿ ಹೂವು ಬಿಟ್ಟು ಕಾಯಿ ಕಚ್ಚುವುದನ್ನು ಯಾರು ಬೇಕಾದರೂ ಕಾಣಬಹುದು. ಕರಿಬೇವಿನ ಕಿರುಎಲೆಯ ಬುಡದಲ್ಲಿ ಅಂಥದೇನೂ ಕಾಣದು. ಈ ಒಂದು ಪರೀಕ್ಷೆಯನ್ನು ಮಾಡದೆ ಬರೆದ ಎಲೆಯ ವರ್ಣನೆಗೆ ಬೆಲೆಯಿಲ್ಲವೆಂದೇ ನನ್ನ ಅಭಿಪ್ರಾಯ.

ಈಗ ನಮ್ಮ ಮರಕ್ಕೆ ಬರೋಣ. ಉದುರಿದ ತುಣುಕನ್ನಲ್ಲ, ರೆಂಬೆಗೆ ಅಂಟಿಕೊಂಡಿರುವ ಎಲೆಯನ್ನು ಪರೀಕ್ಷಿಸಿರಿ. ಕಂಕುಳ ಮೊಗ್ಗನ್ನು ಹುಡುಕುತ್ತ ಹೋದರೆ ನಿಮಗೆ ಆಶ್ಚರ್ಯ ಕಾದಿರುತ್ತದೆ: ಹತ್ತಾರು ಎಲೆಗಳೆಂದು ತೋರಿದ್ದ, ಮೊಳದಷ್ಟು ಉದ್ದದ ಇಡೀ ಗರಿಯೇ ಒಂದು ಎಲೆ! ಅದರ ನಡುದಿಂಡಿನಿಂದ ಎರಡರಿಂದ ಆರು ಜೊತೆ ಕವಲುದಿಂಡುಗಳು ಹೊರಡುತ್ತವೆ. ಕಿರುಎಲೆಗಳಿರುವುದು ಆ ಕವಲುಗಳ ಮೇಲೆ. ಎರಡು ಸಲ ಕವಲೊಡೆದ ಇದು ಇಮ್ಮಡಿ ಸಂಯುಕ್ತ ಪತ್ರ. ಕಿರುಎಲೆ ೨ರಿಂದ ೪ ಸೆಂಟಿಮೀಟರಿನಷ್ಟು ಉದ್ದ, ಅಂಡಾಕಾರ, ಎರಡು ತುದಿಗಳೂ ದುಂಡು. ಮೇಲುಬದಿ ಮಂಕು ಹಸುರು, ಕೆಳಬದಿ ನೀಲಿ ಬೆರೆತ ಬೂದು ಹಸುರು. ಎಲೆಯ ತೊಟ್ಟಿನ ಬುಡದಲ್ಲಿ ಗಂಟಿನಂಥ ಉಬ್ಬು. ರೆಂಬೆಯ ಮೇಲೆ ಎಲೆಗಳು ಎದುರುಬದುರಾಗಿಲ್ಲ, ಒಂದಾದ ಮೇಲೊಂದು ಪರ್ಯಾಯವಾಗಿ ಹೊರಟಿವೆ.

ಇಷ್ಟು ಗೊತ್ತಾದುದರಿಂದ ನೂರಾರು ಮರಗಳು ನಮ್ಮ ಪಟ್ಟಿಯಿಂದ ಬಿಟ್ಟುಹೋದವು. ಮಾವು, ಹಲಸು, ಅಶ್ವತ್ಥಗಳ ಎಲೆ ಸರಳ ಪತ್ರ; ಬೇವು, ಹೊಂಗೆ, ಹುಣಸೆಗಳದು ಒಂದೇ ಸಲ ಕವಲೊಡೆದ ಸಂಯುಕ್ತ ಪತ್ರ. ಇಮ್ಮಡಿ ಸಂಯುಕ್ತ ಪತ್ರವುಳ್ಳ ಬೀದಿಮರಗಳು ಬೆರಳೆಣಿಕೆಯಷ್ಟೇ. ಅವನ್ನು ಒಂದೊಂದಾಗಿ ಒರೆಗೆ ಹಚ್ಚಬಹುದು.

ಜಕರಾಂಡವನ್ನು ಕೂಡಲೇ ಕೈಬಿಡಬೇಕು. ಅದರ ಎಲೆಗಳು ರೆಂಬೆಯ ಮೇಲೆ ಎದುರುಬದುರಾಗಿ ನಿಲ್ಲುತ್ತವೆ. ಅದು ಅವರೆ, ಹುಣಸೆಗಳ ಬಳಗದ್ದೇ ಅಲ್ಲ. ಗುಲ್‌ಮೊಹರಿನ ಕಿರುಎಲೆಗಳು ಒಂದು ಸೆಂಟಿಮೀಟರಿನ ಆಸುಪಾಸಿನವು, ಲೆಕ್ಕವಿಡಲು ಬೇಸರವಾಗುವಷ್ಟು ಅಸಂಖ್ಯ. ಮೇಲಾಗಿ ಮಕ್ಕಳು ಕತ್ತಿಯೆಂದು ಬೀಸುವ ಅದರ ಮಾರುದ್ದದ ಮರಗಟ್ಟಿದ ಕಾಯಿ ಎಲ್ಲರಿಗೂ ಪರಿಚಿತ. ಹಳದಿ ಗುಲ್‌ಮೊಹರೆಂದು ಕರೆಯುವ ಮರದ ಚಿಗುರಿಗೂ ಕಾಯಿಗೂ ತುಕ್ಕಿನ ಬಣ್ಣ. ಮಳೆಮರದ ಕಿರುಎಲೆಗಳು ಕವಲಿನ ತುದಿಗೆ ಹೋದಂತೆ ದೊಡ್ಡವಾಗುತ್ತವೆ, ಓರೆಯಾಗಿ ಕತ್ತರಿಸಿದಂತಿರುತ್ತವೆ, ಸಂಜೆಯಾದರೆ ಮಡಿಚಿಕೊಳ್ಳುತ್ತವೆ.

ಕೊನೆಯಲ್ಲಿ ಉಳಿಯುವುದು ಬಾಗೆಮರ. ನಿಜವಾದ ಕಷ್ಟ ಬರುವುದು ಇದರೊಂದಿಗೆ. ಬಾಗೆಯ ಎಲೆಯೂ ಇಮ್ಮಡಿ ಸಂಯುಕ್ತ. ಕವಲುಗಳು ಎರಡರಿಂದ ನಾಲ್ಕು ಜೊತೆ. ಕಿರುಎಲೆಗಳ ಅಳತೆ ನಮ್ಮ ಮರದ ಕಿರುಎಲೆಗಳ ಅಳತೆಯೇ. ಹತ್ತು ಗಜ ದೂರದಿಂದ ನೋಡಿ ಇವೆರಡನ್ನು ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಸುಲಭವಲ್ಲ. ಎಲೆಯನ್ನು ಕೈಯಲ್ಲಿ ಹಿಡಿದರೆ ಮಾತ್ರ ಭೇದ ತಾನಾಗಿ ಹೊರಬೀಳುತ್ತದೆ. ಬಾಗೆಯ ಕಿರುಎಲೆಗಳು ಕವಲುದಿಂಡಿನ ಎರಡು ಬದಿಗಳಲ್ಲಿ ಜೊತೆಜೊತೆಯಾಗಿ, ಒಂದರ ಎದುರಿಗೆ ಒಂದು ನಿಂತಿರುತ್ತವೆ. ನಮ್ಮ ಮರದಲ್ಲಿ ಹಾಗಿಲ್ಲ: ಬಲಕ್ಕೊಂದು, ಸ್ವಲ್ಪ ಮುಂದೆ ಎಡಕ್ಕೊಂದು, ಮತ್ತೆ ಬಲಕ್ಕೊಂದು, ಮೆತ್ತಗೆ ನಡೆದುಹೋದವರ ಹೆಜ್ಜೆಗುರುತುಗಳಂತೆ. ಬಾಗೆಯ ತೊಟ್ಟಿನ ಮೇಲೆ ಬುಡದ ಹತ್ತಿರ ಒಂದು ಸಣ್ಣ ಗ್ರಂಥಿ ಇರುತ್ತದೆ, ಬೆರಳಾಡಿಸಿದರೆ ತಿಳಿಯುವಂಥದು. ನಮ್ಮ ಮರಕ್ಕೆ ಅದಿಲ್ಲ. ಇಮ್ಮಡಿ ಸಂಯುಕ್ತ ಪತ್ರದಲ್ಲಿ ಕಿರುಎಲೆಗಳು ಪರ್ಯಾಯವಾಗಿರುವುದು ನಮ್ಮ ಬೀದಿಮರಗಳಲ್ಲಿ ಅಪರೂಪ. ಆದುದರಿಂದ ಈ ಒಂದು ಗುರುತು ಮಿಕ್ಕ ಹತ್ತು ಗುರುತುಗಳಿಗೆ ಸಮ.

ಆದರೂ ಒಂದೇ ಎಲೆಯನ್ನು ನೋಡಿ ತೀರ್ಮಾನ ಕೊಡಕೂಡದು. ಕಡಿದ ಬುಡದಿಂದ ಚಿಗುರಿದ ರೆಂಬೆಗಳಲ್ಲಿ ಎಲೆಗಳು ಅಳತೆ ಮೀರಿ ಬೆಳೆಯುತ್ತವೆ. ನೆರಳಿನ ಎಲೆಗೂ ಬಿಸಿಲಿನ ಎಲೆಗೂ ವ್ಯತ್ಯಾಸವಿರುತ್ತದೆ. ಮರದ ಬೇರೆ ಬೇರೆ ಭಾಗಗಳಿಂದ ಐದಾರು ಎಲೆಗಳನ್ನು ತೆಗೆದುಕೊಂಡು, ಕವಲಿನ ನಡುಭಾಗದಲ್ಲಿ ಕಿರುಎಲೆಗಳ ಜೋಡಣೆಯನ್ನು ನೋಡಬೇಕು. ಎಲೆಯ ಗಾತ್ರ ಬದಲಾಗಬಹುದು, ಜೋಡಣೆ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ. ಬರೀ ತೊಗಟೆಯನ್ನು ನೋಡಿ ಮರದ ಹೆಸರು ಹೇಳುವವರೂ ಇದ್ದಾರೆ. ಅವರ ಧೈರ್ಯವನ್ನು ಮೆಚ್ಚುತ್ತೇನೆ; ಅನುಸರಿಸಿರೆಂದು ವಿದ್ಯಾರ್ಥಿಗಳಿಗೆ ಹೇಳಲಾರೆ.

ಎಲೆ ನಮ್ಮನ್ನು ಬಾಗಿಲವರೆಗೆ ತಂದುಬಿಟ್ಟಿತು. ಒಳಕ್ಕೆ ಕರೆದೊಯ್ಯುವುದು ಕಾಯಿ ಮತ್ತು ಬೀಜ. ಮರದ ಕೆಳಗೆ ಒಣಗಿ ಬಿದ್ದಿರುವ ಕಾಯಿಗಳನ್ನು ನೋಡಿರಿ. ಉದ್ದ ೧೫ರಿಂದ ೨೨ ಸೆಂಟಿಮೀಟರು, ಅಗಲ ಎರಡು ಸೆಂಟಿಮೀಟರಿನ ಒಳಗೆ. ಬೀಜವಿರುವಲ್ಲಿ ಸ್ವಲ್ಪ ಉಬ್ಬಿ ನಡುವೆ ಸ್ವಲ್ಪ ಸೊರಗಿದೆ. ಬಲಿತ ಕಾಯಿ ಎರಡು ಹೋಳಾಗಿ ಸೀಳಿ, ಒಂದೊಂದು ಹೋಳೂ ಬಳೆಯಂತೆ, ಸುರುಳಿಯಂತೆ ತಿರುಚಿಕೊಂಡಿದೆ. ಹೋಳಿನ ಒಳಮೈ ತಿಳಿಬಣ್ಣದ್ದು. ಅದರ ಮೇಲೆ ಎಂಟು ಹತ್ತು ಕಡುಗೆಂಪು ಬೀಜಗಳು ಅಂಟಿಕೊಂಡಿವೆ. ಬಾಗೆಯ ಕಾಯಾದರೋ ಹುಲ್ಲಿನ ಬಣ್ಣದ, ಕಾಗದದಂತೆ ತೆಳ್ಳಗಾದ, ಗಾಳಿಗೆ ಗಲಗಲ ಸದ್ದು ಮಾಡುವ ಚಪ್ಪಟೆ ಕಾಯಿ. ಅದರ ಬೀಜ ಕಂದು. ಇನ್ನು ಸಂದೇಹಕ್ಕೆ ಎಡೆಯಿಲ್ಲ.

ಈ ಮರ ಮಂಜಾಡಿ. ದೊಡ್ಡ ಗುಲಗಂಜಿ ಎಂಬ ಹೆಸರೂ ಇದಕ್ಕುಂಟು. ಗೊಂದಲಕ್ಕೆ ಮೂಲ ಈ ಎರಡನೆಯ ಹೆಸರೇ ಇರಬೇಕು. ಶಾಸ್ತ್ರೀಯ ನಾಮ ಅಡೆನಾಂಥೆರ ಪವೋನಿನ. ಇಟ್ಟವನು ಸ್ವೀಡನ್ ದೇಶದ ಲಿನೇಯಸ್, ೧೭೫೩ರಲ್ಲಿ. ಹೆಸರಿನ ಮೊದಲ ಪದಕ್ಕೆ ‘ಗ್ರಂಥಿಯುಳ್ಳ ಪರಾಗಕೋಶ’ ಎಂದು ಅರ್ಥ. ಹೂವು ಬಿಟ್ಟಾಗ ಭೂತಗಾಜಿನಿಂದ ನೋಡಿದರೆ, ಹತ್ತು ಕೇಸರಗಳ ತುದಿಯಲ್ಲಿಯೂ ಸಣ್ಣ ಗ್ರಂಥಿ ಕಾಣಿಸುತ್ತದೆ. ಹೂವು ಕಣ್ಣಿಗೆ ಬೀಳುವಂಥದಲ್ಲ: ಬೆಣ್ಣೆಬಣ್ಣದ, ನವುರು ಪರಿಮಳದ ಸಣ್ಣ ಹೂವುಗಳ ಕಿರಿದಾದ ತೆನೆ. ಕುಟುಂಬ ಅವರೆ, ತೊಗರಿ, ಹುಣಸೆಗಳದೇ. ಆ ದೊಡ್ಡ ಕುಟುಂಬದಲ್ಲಿ ಇದು ಮುಟ್ಟಿದರೆ ಮುನಿ, ಬಾಗೆ, ಜಾಲಿಗಳ ಶಾಖೆಗೆ ಸೇರುತ್ತದೆ. ಗುಲಗಂಜಿಯೂ ಇದೇ ಕುಟುಂಬದ್ದು, ಆದರೆ ಅವರೆ, ಬಟಾಣಿಗಳ ಶಾಖೆಯದು. ಎರಡರ ಬೀಜಗಳೂ ಕೆಂಪಾಗಿರುವುದು ಹತ್ತಿರದ ನಂಟಿನಿಂದಲ್ಲ. ಹಕ್ಕಿಗಳು ಕೆಂಪು ಹಣ್ಣೆಂದು ಭ್ರಮಿಸಿ ಬೀಜವನ್ನು ಒಯ್ಯಲಿ ಎಂಬ ಉಪಾಯ ಇದೆಂದು ಹಲವು ವಿಜ್ಞಾನಿಗಳು ಊಹಿಸಿದ್ದಾರೆ. ತಿನ್ನಲು ತಿರುಳೇನನ್ನೂ ಕೊಡದೆ ಕೆಲಸ ಮಾಡಿಸಿಕೊಳ್ಳುವ ಜಾಣತನ!

ಇನ್ನು ಗುಲಗಂಜಿಯನ್ನು ಪಕ್ಕಕ್ಕೆ ಇಟ್ಟು ನೋಡೋಣ. ಈ ಹೋಲಿಕೆಯನ್ನು ಬಾಯಿಪಾಠವಾಗುವಂತೆ ಕಲಿಯುವುದು ಒಳ್ಳೆಯದು. ಗುಲಗಂಜಿ ಬೇಲಿಯ ಮೇಲೆಯೂ ಪೊದೆಯ ಮೇಲೆಯೂ ಹಬ್ಬುವ ತೆಳು ಬಳ್ಳಿ. ಅದರ ಎಲೆ ಒಂದೇ ಸಲ ಕವಲೊಡೆದುದು, ಹುಣಸೆಯ ಎಲೆಯಂತೆ ಕಿರುಎಲೆಗಳು ಜೊತೆಜೊತೆಯಾಗಿರುತ್ತವೆ. ಕಾಯಿ ಮೂರರಿಂದ ಐದು ಸೆಂಟಿಮೀಟರಿನ ಗಿಡ್ಡ ಕಾಯಿ. ಬೀಜ ಸಣ್ಣ ಮೊಟ್ಟೆಯ ಆಕಾರದ್ದು, ಆರೇಳು ಮಿಲಿಮೀಟರು ಉದ್ದ, ಕೆಂಪು ಮೈಗೆ ಒಂದು ತುದಿಯಲ್ಲಿ ಕಾಡಿಗೆ ಹಚ್ಚಿದಂತೆ ಕಪ್ಪು ಮಚ್ಚೆ. ಮಂಜಾಡಿಯ ಬೀಜಕ್ಕೆ ಕಪ್ಪು ಮಚ್ಚೆಯೇ ಇಲ್ಲ. ಅದು ಎಂಟು ಒಂಬತ್ತು ಮಿಲಿಮೀಟರು ಅಗಲದ ದುಂಡು ಬೀಜ, ಭೂತಗಾಜಿನಂತೆ ನಡುವೆ ಉಬ್ಬಿ ಅಂಚಿನಲ್ಲಿ ತೆಳುವಾದುದು. ಆದರೆ ‘ಕಪ್ಪಿದ್ದರೆ ವಿಷ, ಇಲ್ಲದಿದ್ದರೆ ಇಲ್ಲ’ ಎಂಬ ಸೂತ್ರವನ್ನು ಮಾಡಿಕೊಳ್ಳಬೇಡಿರಿ. ಗುಲಗಂಜಿಯಲ್ಲಿ ಬಿಳಿಯ ಬೀಜದ ಬಗೆಯೂ ಉಂಟು, ಅದೂ ವಿಷವೇ.

ಗುಲಗಂಜಿಯ ವಿಷದ ಹೆಸರು ಅಬ್ರಿನ್. ಹರಳುಬೀಜದಲ್ಲಿರುವ ರೈಸಿನ್ ಎಂಬ ವಿಷದಂತೆ ಇದೂ ಒಂದು ಪ್ರೋಟೀನು. ಜೀವಕೋಶಗಳಲ್ಲಿ ಪ್ರೋಟೀನುಗಳ ತಯಾರಿಕೆಯನ್ನೇ ನಿಲ್ಲಿಸಿಬಿಡುತ್ತದೆ. ಗಟ್ಟಿ ಸಿಪ್ಪೆ ಒಡೆಯದೆ ಬೀಜ ಹೊಟ್ಟೆಯನ್ನು ಹಾದುಹೋದರೆ ಅಪಾಯವಾಗದಿರಬಹುದು. ಅಗಿದರೆ, ಅಥವಾ ಸರ ಪೋಣಿಸಲು ತೂತು ಕೊರೆದ ಬೀಜವನ್ನು ನುಂಗಿದರೆ, ವಿಷ ಹೊರಬರುತ್ತದೆ. ಮಗುವಿಗೆ ಒಂದೆರಡು ಬೀಜಗಳೇ ಮಾರಕವಾಗಬಹುದು. ವಾಂತಿಭೇದಿಗಳು ಆರಂಭವಾಗಲು ಹಲವು ಗಂಟೆಗಳು ಹಿಡಿಯುವುದರಿಂದ ಮಗು ಆಡಿಕೊಂಡಿದೆಯೆಂದು ಸುಮ್ಮನಿರಬಾರದು. ಈ ವಿಷಕ್ಕೆಂದೇ ಮಾಡಿದ ಪ್ರತಿವಿಷವಿಲ್ಲ. ಮಿಕ್ಕ ಬೀಜಗಳನ್ನು ಕಟ್ಟಿಕೊಂಡು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಬೀಜದ ಸರಿಯಾದ ಹೆಸರು ಅಲ್ಲಿ ವೈದ್ಯರ ಸಮಯವನ್ನು ಉಳಿಸುತ್ತದೆ. ಮಂಜಾಡಿಯ ಬೀಜವನ್ನು ಕೆಲವು ದೇಶಗಳಲ್ಲಿ ಹುರಿದೋ ಬೇಯಿಸಿಯೋ ತಿನ್ನುವರು. ಹಾಗೆಂದು ಹಸಿಯಾಗಿ ಬಾಯಿಗೆ ಹಾಕಿಕೊಳ್ಳತಕ್ಕದ್ದಲ್ಲ.

ಕೆಂಪು ಬೀಜದ ಇನ್ನೊಂದು ಮರ ಹಾಲವಾಣ. ಅದರ ಬೀಜ ಅವರೆಕಾಳಿನಂತೆ ಬಾಗಿದ್ದು, ಎಲೆಯಲ್ಲಿ ಮೂರೇ ದೊಡ್ಡ ಕಿರುಎಲೆಗಳು, ರೆಂಬೆಗೆ ಮುಳ್ಳು. ಎಲೆಯನ್ನು ನೋಡಿದವರು ಇಲ್ಲಿ ತಪ್ಪು ಮಾಡಲಾರರು. ಇದರ ಬೀಜವೂ ವಿಷಕರವೇ.

ಬೀಜದಿಂದಾದ ಗೊಂದಲ ಒಂದಾದರೆ, ಮರದ ತಿರುಳಿನಿಂದಾದುದು ಇನ್ನೊಂದು. ಮಂಜಾಡಿಯ ಚೇಗು ಕೆಂಪಾಗಿರುವುದರಿಂದ ಇಂಗ್ಲಿಷಿನಲ್ಲಿ ಇದನ್ನು ‘ಕೆಂಪು ಚಂದನದ ಮರ’ ಎಂದು ಕರೆಯುವ ರೂಢಿ ಬಿದ್ದಿದೆ. ನಿಜವಾದ ರಕ್ತಚಂದನ ಬೇರೆ. ಆಂಧ್ರಪ್ರದೇಶದ ಶೇಷಾಚಲದ ಬೆಟ್ಟಗಳು ಅದರ ತವರು. ಅದರ ಎಲೆಯಲ್ಲಿ ಸಾಮಾನ್ಯವಾಗಿ ಮೂರು ಕಿರುಎಲೆಗಳು. ಕಾಯಿ ಸುತ್ತಲೂ ರೆಕ್ಕೆಯುಳ್ಳ ದುಂಡುಬಿಲ್ಲೆ. ರಕ್ತಚಂದನದ ಬೀಜವೆಂದು ಯಾರಾದರೂ ಹೊಳೆಯುವ ಕೆಂಪು ಬೀಜವನ್ನು ನಿಮ್ಮ ಕೈಯಲ್ಲಿಟ್ಟರೆ, ನೆಡುವ ಮೊದಲು ಇದನ್ನು ನೆನೆಯಿರಿ.

ಗುಲಗಂಜಿಯಿಂದ ಚಿನ್ನ ತೂಗುತ್ತಿದ್ದುದನ್ನು ಎಲ್ಲರೂ ಕೇಳಿದ್ದೀರಿ. ಮಂಜಾಡಿಯೂ ದಕ್ಷಿಣದ ಅಕ್ಕಸಾಲಿಗರ ತಕ್ಕಡಿಯಲ್ಲಿ ಕುಳಿತಿದ್ದ ಬೀಜವೇ. ೧೯೫೬ರ ಕಾಯಿದೆಯಿಂದ ದಶಮಾನ ಪದ್ಧತಿಯ ತೂಕಗಳು ದೇಶಕ್ಕೆ ಬಂದ ಮೇಲೆ ಇವುಗಳ ಅಧಿಕಾರ ಹೋಯಿತು. ಗುಲಗಂಜಿಯ ತೂಕ ಸುಮಾರು ೦.೧೨ ಗ್ರಾಂ, ಮಂಜಾಡಿಯದು ಕಾಲು ಗ್ರಾಮಿಗೆ ತುಸು ಮೇಲೆ, ಎಂದರೆ ಹೆಚ್ಚುಕಡಿಮೆ ಎರಡರಷ್ಟು. ಕಾಲೇಜಿನ ಪ್ರಯೋಗಶಾಲೆಯ ತಕ್ಕಡಿಯಲ್ಲಿ ಐವತ್ತು ಮಂಜಾಡಿ ಬೀಜಗಳನ್ನು ಒಂದೊಂದಾಗಿ ತೂಗಿ ಬರೆದಿಟ್ಟರೆ, ಎಲ್ಲವೂ ಒಂದೇ ತೂಕವೆಂಬ ಮಾತು ಎಷ್ಟು ದೂರ ನಿಜವೆಂದು ನೀವೇ ಹೇಳಬಹುದು.

ಎಲೆಯ ಚಿತ್ರ ತೆಗೆದರೆ ಹೆಸರು ಹೇಳುವ ಸಾಧನಗಳು ಈಗ ಮೊಬೈಲ್ ಫೋನಿನಲ್ಲಿಯೇ ಇವೆ. ಅವು ಕೊಡುವ ಹೆಸರನ್ನು ತೀರ್ಪೆಂದು ಎಣಿಸದೆ ಸುಳಿವೆಂದು ತೆಗೆದುಕೊಳ್ಳಿರಿ. ಕಂಕುಳ ಮೊಗ್ಗು, ಕಿರುಎಲೆಗಳ ಜೋಡಣೆ, ತಿರುಚಿದ ಕಾಯಿ, ಮಚ್ಚೆಯಿಲ್ಲದ ಬೀಜ ಇವು ಹೊಂದಿದರೆ ಒಪ್ಪಿರಿ. ಹೊಂದದಿದ್ದರೆ ಎಲೆ, ಕಾಯಿಗಳಿರುವ ರೆಂಬೆಯ ತುದಿಯನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಿನಾಂಕ, ಸ್ಥಳ, ಮರದ ಎತ್ತರಗಳನ್ನು ಚೀಟಿಯಲ್ಲಿ ಬರೆದು, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವಂಥ ಸಸ್ಯಸಂಗ್ರಹಾಲಯಗಳಲ್ಲಿ ಹೀಗೆಯೇ ಒತ್ತಿ ಒಣಗಿಸಿದ ಮಾದರಿಗಳನ್ನು ಕಾಪಾಡಿರುತ್ತಾರೆ.

ಬೀಜಗಳು ಕೈಯಲ್ಲಿರುವಾಗ ಒಂದು ಪ್ರಯೋಗವನ್ನೂ ಮಾಡಬಹುದು. ಮೊದಲು ಒಂದೊಂದು ಬೀಜವನ್ನೂ ತಿರುಗಿಸಿ ನೋಡಿ, ಕಪ್ಪು ಮಚ್ಚೆಯಿದ್ದುದನ್ನು ತೆಗೆದುಹಾಕಿರಿ. ಗುಲಗಂಜಿಯನ್ನು ಉಜ್ಜಿದರೆ ಏಳುವ ಪುಡಿ ಅಪಾಯಕರ. ಇಪ್ಪತ್ತು ಮಂಜಾಡಿ ಬೀಜಗಳಲ್ಲಿ ಹತ್ತನ್ನು ಹಾಗೆಯೇ ಬಿಡಿರಿ. ಮಿಕ್ಕ ಹತ್ತನ್ನು, ಕಾಯಿಗೆ ಅಂಟಿಕೊಂಡಿದ್ದ ಜಾಗದ ಎದುರುಬದಿಯಲ್ಲಿ, ಒಳಗಿನ ತಿಳಿಬಣ್ಣ ಇಣುಕುವವರೆಗೆ ಅರದಿಂದ ಉಜ್ಜಿರಿ. ಮೊಳಕೆಯ ಬೇರು ಅಂಟಿನ ಜಾಗದ ಬಳಿ ಇರುವುದರಿಂದ ಅಲ್ಲಿ ಉಜ್ಜಬಾರದು. ಎರಡು ಲೋಟಗಳ ನೀರಿನಲ್ಲಿ ರಾತ್ರಿಯೆಲ್ಲ ನೆನೆಸಿರಿ. ಬೆಳಗ್ಗೆ ಉಜ್ಜಿದ ಬೀಜಗಳು ನೀರು ಕುಡಿದು ಉಬ್ಬಿರುತ್ತವೆ. ಅವನ್ನು ಮಣ್ಣಿಗೆ ಹಾಕಬಹುದು. ಉಜ್ಜದ ಬೀಜಗಳು ಹಾಕಿದಾಗ ಹೇಗಿದ್ದುವೋ ಹಾಗೆಯೇ, ಕೆಂಪಗೆ ಹೊಳೆಯುತ್ತ, ಲೋಟದ ತಳದಲ್ಲಿ ಕುಳಿತಿರುತ್ತವೆ.